ಖಿನ್ನಮನಸ್ಕರಿಗೆ ಅಂಗಸಾಧನೆ

ಕಾಯ ಎಂಬ ಶಬ್ದದಿಂದ ಕಾಯಕ ಎಂಬ ಶಬ್ದವು ಹುಟ್ಟಿದೆ. ಕಾಯದಿಂದ ಆಗತಕ್ಕದ್ದು ಕಾಯಕ. ಹನ್ನೆರಡನೆಯ ಶತಮಾನದ ಶರಣರು ಶರೀರವನ್ನು ಹೇಯವೆಂದು ತಿಳಿದು ಒಣಗಿಸುವ ಹಾದಿಯನ್ನು ಹಿಡಿಯಲಿಲ್ಲ. ದುಡಿಮೆಗೂ ದಾಸೋಹಕ್ಕೂ ಲಿಂಗಪೂಜೆಗೂ ಅದೇ ಆಧಾರವೆಂದು ಬಗೆದು ಅದನ್ನು ಮರ್ಯಾದೆಯಿಂದ ನಡೆಸಿಕೊಂಡರು. ಈ ಮಾತು ಸದ್ಭಕ್ತರಿಗೆ ಹೊಸದಲ್ಲ. ಆದರೆ ಕಾಯವು ಏಳಲೊಲ್ಲದ, ಕೈ ಕೆಲಸಕ್ಕೆ ಬಗ್ಗಲೊಲ್ಲದ, ಮನಸ್ಸು ಯಾವುದರಲ್ಲಿಯೂ ನಿಲ್ಲಲೊಲ್ಲದ ಒಂದು ಸ್ಥಿತಿಯು ಮನುಷ್ಯನಿಗೆ ಬರುವುದುಂಟು. ಅಂತಹ ಸಮಯದಲ್ಲಿ ಮನೆಯವರು ಏನನ್ನು ತಿಳಿಯಬೇಕು, ಏನನ್ನು ಮಾಡಬೇಕು, ಅಂಗಸಾಧನೆಯು ಅಲ್ಲಿ ಎಷ್ಟರ ಮಟ್ಟಿಗೆ ನೆರವಾಗುವುದು ಎಂಬುದೇ ಈ ಪಾಠದ ವಿಷಯ.

ಒಂದು ಊರಿನಲ್ಲಿ ಅರಿವೆಯ ಅಂಗಡಿಯನ್ನಿಟ್ಟುಕೊಂಡ ಐವತ್ತೈದು ವರ್ಷದ ಗೃಹಸ್ಥನೊಬ್ಬನಿರುವನೆಂದು ಭಾವಿಸಬಹುದು. ಸೂರ್ಯೋದಯಕ್ಕೆ ಮುಂಚೆಯೇ ಎದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ಅಂಗಡಿಯ ಬಾಗಿಲು ತೆರೆಯುವುದು ಆತನ ಮೂವತ್ತು ವರ್ಷಗಳ ರೂಢಿ. ಈಗ ಮೂರು ತಿಂಗಳಿಂದ ಆತನು ಹೊತ್ತೇರಿದರೂ ಹಾಸಿಗೆಯನ್ನು ಬಿಡುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಊಟವು ರುಚಿಸದು. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡರೆ ಕಣ್ಣು ಸಾಲಿನ ಮೇಲೆ ಹರಿಯುವುದೇ ಹೊರತು ಅಂಕೆಯು ತಲೆಗೆ ಹತ್ತದು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕುಳಿತರೂ ಮನಸ್ಸು ನಿಲ್ಲದೆ, 'ನನ್ನಂತಹ ಪಾಪಿಗೆ ಪೂಜೆಯೇಕೆ' ಎಂದು ಕಣ್ಣೀರಿಡುವನು. ಇದನ್ನು ಕಂಡು ತಮ್ಮನು ಸೋಮಾರಿತನವೆನ್ನುವನು. ಹೆಂಡತಿಯು ಯಾರದೋ ದೃಷ್ಟಿ ತಾಗಿತೆನ್ನುವಳು. ನೆರೆಯ ಹಿರಿಯರು ಭಕ್ತಿಯು ಕಡಿಮೆಯಾಯಿತೆನ್ನುವರು. ಮೂವರ ಮಾತೂ ಹಿತಕ್ಕಾಗಿ ಆಡಿದುದೇ. ಆದರೆ ಮೂರೂ ತಪ್ಪು. ಬಿದ್ದವನ ಬೆನ್ನಿನ ಮೇಲೆ ಮೂರು ಹೊರೆಗಳನ್ನು ಹೇರಿದಂತಾಯಿತು.

ಆತನಿಗೆ ಬಂದಿರುವುದು ಒಂದು ರೋಗ. ವೈದ್ಯರು ಇದನ್ನು ಖಿನ್ನತೆಯೆಂದು ಕರೆಯುವರು. ದುಃಖವಾದೊಡನೆ ಅದು ಖಿನ್ನತೆಯಲ್ಲ; ಮನುಷ್ಯನಾದವನಿಗೆ ದುಃಖವು ಸಹಜ. ಮನಸ್ಸಿನ ಕುಗ್ಗುವಿಕೆ ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ ದಿನದ ಬಹುಭಾಗವನ್ನು ವ್ಯಾಪಿಸಿ ಎರಡು ವಾರಗಳಿಗೆ ಕಡಿಮೆಯಿಲ್ಲದೆ ನಿಂತು, ಅದರೊಡನೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆಗಳು ಕೆಟ್ಟು, ತಾನು ನಿಷ್ಪ್ರಯೋಜಕನೆಂಬ ಭಾವವೂ ಸಾವಿನ ಯೋಚನೆಯೂ ಸುಳಿಯತೊಡಗಿದರೆ ಅದು ಚಿಕಿತ್ಸೆಗೆ ತಕ್ಕ ರೋಗವೆಂದು ತಿಳಿಯಬೇಕು. ಇದರ ಒಡಹುಟ್ಟಿದಂತಿರುವುದು ಆತಂಕರೋಗ. ಕಾರಣವಿಲ್ಲದ ಅಥವಾ ಕಾರಣಕ್ಕೆ ಮೀರಿದ ಭಯ, ಎದೆಬಡಿತ, ಬೆವರು, ಕೈಕಾಲು ನಡುಕ, ಉಸಿರು ಸಾಲದೆಂಬ ಅನುಭವ ಇವು ಅದರ ಲಕ್ಷಣಗಳು. ಎಷ್ಟೋ ಜನರಲ್ಲಿ ಎರಡೂ ಕೂಡಿಯೇ ಇರುವವು. ಪ್ರಾಚೀನರೂ ಇದನ್ನು ಕಾಣದೆ ಇರಲಿಲ್ಲ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದವೇ ಮುಂದಿನದೆಂದು ಚರಕಸಂಹಿತೆಯು ಎಣಿಸಿದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಪ್ರಾಯದವರಾದ ಸುಮಾರು ೨೦ ಜನರಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುವರು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ಆದುದರಿಂದ ನೂರು ಜನ ಕೂಡಿದ ಒಂದು ಶಿವಾನುಭವ ಗೋಷ್ಠಿಯಲ್ಲಿ ನಾಲ್ಕೈದು ಜನರು ಈ ಭಾರವನ್ನು ಹೊತ್ತು ಕುಳಿತಿದ್ದರೆ, ಅಥವಾ ಎಂದೋ ಹೊತ್ತು ಇಳಿಸಿದ್ದರೆ, ಆಶ್ಚರ್ಯಪಡಬೇಕಾಗಿಲ್ಲ.

ಅಂಗಸಾಧನೆಯ ಬಲ

ಈ ರೋಗಕ್ಕೆ ಔಷಧವುಂಟು. ತಿಳಿದವರೊಡನೆ ಕ್ರಮವರಿತು ನಡೆಸುವ ಸಮಾಲೋಚನೆಯುಂಟು. ಇವೆರಡರ ಜೊತೆಗೆ ಮೂರನೆಯದಾಗಿ ನಿಲ್ಲತಕ್ಕದ್ದು ಅಂಗಸಾಧನೆ. ಇದು ಬರಿಯ ನಂಬಿಕೆಯಲ್ಲ. ಪರೀಕ್ಷೆಗೆ ಒಳಗಾದ ವಿಷಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಅವರ ಸಂಗಡಿಗರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಗಮನಾರ್ಹವಾದುದು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ೧೫೬ ಜನ ಖಿನ್ನತೆಯ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರ್ಟ್ರಲೀನ್ ಎಂಬ ಔಷಧ, ಇನ್ನೊಂದಕ್ಕೆ ವಾರಕ್ಕೆ ಮೂರು ಸಲ ಮೇಲ್ವಿಚಾರಕರ ಎದುರಿನಲ್ಲಿ ಅರ್ಧ ಗಂಟೆಯ ಬಿರುನಡಿಗೆ ಅಥವಾ ನಿಧಾನದ ಓಟ, ಮೂರನೆಯದಕ್ಕೆ ಎರಡೂ. ಹದಿನಾರು ವಾರಗಳಾದ ಮೇಲೆ ನೋಡಿದರೆ ಮೂರು ಗುಂಪಿನವರೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದರು. ಔಷಧವು ಮೊದಮೊದಲು ಬೇಗ ಕೆಲಸ ಮಾಡಿತು. ಅಂಗಸಾಧನೆಯು ನಿಧಾನವಾಗಿ ಬಂದು ಅದನ್ನು ಕೂಡಿಕೊಂಡಿತು. ಹತ್ತು ತಿಂಗಳ ತರುವಾಯ ವಿಚಾರಿಸಿದಾಗ, ಗುಣವಾದವರ ಪೈಕಿ ಅಂಗಸಾಧನೆಯ ಗುಂಪಿನಲ್ಲಿ ರೋಗವು ಮರುಕಳಿಸಿದುದು ಔಷಧದ ಗುಂಪಿಗಿಂತ ಕಡಿಮೆಯಾಗಿತ್ತು.

ಅದೇ ವಿದ್ವಾಂಸರು ೨೦೦೭ರಲ್ಲಿ ೨೦೨ ಜನರ ಮೇಲೆ ನಡೆಸಿದ ಇನ್ನೊಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ಹದಿನಾರು ವಾರಗಳ ಕೊನೆಗೆ ರೋಗಮುಕ್ತರಾದವರು ಔಷಧದ ಗುಂಪಿನಲ್ಲಿ ನೂರಕ್ಕೆ ೪೭, ಮೇಲ್ವಿಚಾರಣೆಯ ಅಂಗಸಾಧನೆಯಲ್ಲಿ ೪೫, ಮನೆಯಲ್ಲಿಯೇ ಮಾಡಿದವರಲ್ಲಿ ೪೦, ಸತ್ತ್ವವಿಲ್ಲದ ತೋರಿಕೆಯ ಗುಳಿಗೆಯಲ್ಲಿ ೩೧. ಕೊನೆಯ ಅಂಕೆಯನ್ನೂ ವಾಚಕರು ಗಮನಿಸಬೇಕು. ಕಾಲವೂ ಆರೈಕೆಯೂ ಭರವಸೆಯೂ ತಾವಾಗಿಯೇ ಕೆಲವರನ್ನು ಎಬ್ಬಿಸುವವು. ಚಿಕಿತ್ಸೆಯು ಅದಕ್ಕೆ ಮೇಲೆ ಇನ್ನಷ್ಟನ್ನು ಕೂಡಿಸುವುದು. ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ೨೦೨೪ರಲ್ಲಿ ಬಂದ ಸಮಗ್ರ ವಿಮರ್ಶೆಯು ೨೧೮ ಪ್ರಯೋಗಗಳನ್ನೂ ೧೪,೧೭೦ ಜನರನ್ನೂ ಒಳಗೊಂಡಿತ್ತು. ನಡಿಗೆ ಅಥವಾ ಓಟ, ಯೋಗಾಭ್ಯಾಸ, ಭಾರವನ್ನೆತ್ತುವ ಸಾಮು ಇವು ಉಪಯುಕ್ತವೆಂದು ಅದು ಕಂಡಿತು. ಆದರೂ ಉತ್ಪ್ರೇಕ್ಷೆಯು ಸಲ್ಲದು. ೨೦೧೩ರಲ್ಲಿ ಕಾಕ್ರೇನ್ ಸಂಸ್ಥೆಯವರು ೩೯ ಪ್ರಯೋಗಗಳನ್ನು ಒರೆಗೆ ಹಚ್ಚಿದಾಗ, ಅತ್ಯಂತ ಕಟ್ಟುನಿಟ್ಟಾಗಿ ನಡೆದ ಕೆಲವೇ ಪ್ರಯೋಗಗಳಲ್ಲಿ ಫಲವು ಚಿಕ್ಕದಾಗಿಯೇ ಕಂಡಿತು. ಹಾಗಾಗಿ ಅಂಗಸಾಧನೆಯು ಒಳ್ಳೆಯ ಸಹಾಯಕನೆಂದು ಹೇಳಬಹುದೇ ಹೊರತು, ಔಷಧವನ್ನು ಎಸೆದು ಇದೊಂದನ್ನೇ ಹಿಡಿಯಬೇಕೆಂದು ಹೇಳುವುದು ಅಪಾಯಕರ.

ಇದು ಹೇಗೆ ಕೆಲಸಮಾಡುವುದೆಂಬುದಕ್ಕೆ ಒಂದೇ ಉತ್ತರವಿಲ್ಲ. ನಿದ್ರೆಯು ಆಳವಾಗುವುದು, ದೇಹವು ಹಗಲು ರಾತ್ರಿಗಳ ಕ್ರಮವನ್ನು ಮತ್ತೆ ಹಿಡಿಯುವುದು, ಮೆದುಳಿನ ರಾಸಾಯನಿಕ ವ್ಯವಹಾರದಲ್ಲಿ ಬದಲಾವಣೆಗಳಾಗುವುವು. ಇವೆಲ್ಲಕ್ಕಿಂತ ಗೃಹಸ್ಥರು ಮನಗಾಣಬೇಕಾದ ತತ್ತ್ವವೊಂದುಂಟು. ರೋಗಿಯು 'ಮನಸ್ಸು ಬಂದ ಮೇಲೆ ಏಳುವೆನು' ಎನ್ನುವನು. ಏಳದಿದ್ದುದರಿಂದ ಮಾಡಿದೆನೆಂಬ ತೃಪ್ತಿ ಯಾವುದೂ ಇಲ್ಲ. ತೃಪ್ತಿಯಿಲ್ಲದುದರಿಂದ ಮನಸ್ಸು ಇನ್ನೂ ಕುಗ್ಗುವುದು. ಕುಗ್ಗಿದ ಮನಸ್ಸು ಮತ್ತೂ ಏಳಗೊಡದು. ಇದು ಗಾಣದ ಸುತ್ತಿನಂತೆ ತಿರುಗುವುದು. ಈ ಸುತ್ತನ್ನು ಮನಸ್ಸಿನ ಕಡೆಯಿಂದ ಮುರಿಯುವುದು ಕಷ್ಟ. ಕಾಯದ ಕಡೆಯಿಂದ ಮುರಿಯುವುದು ಅದಕ್ಕಿಂತ ಸುಲಭ. ಮನಸ್ಸು ಬಾರದಿದ್ದರೂ ಹತ್ತು ನಿಮಿಷ ನಡೆದರೆ, ನಡೆದ ಮೇಲೆ ಮನಸ್ಸು ಒಂದಿಷ್ಟು ಹಿಂದೆಯೇ ಬರುವುದುಂಟು.

ಮಾರ್ಗದರ್ಶಕನು ಏತಕ್ಕೆ?

'ವ್ಯಾಯಾಮ ಮಾಡು' ಎಂದು ಹೇಳಿ ಕೈತೊಳೆದುಕೊಂಡರೆ ಸಾಕಾಗದು. ಆರಂಭಿಸುವ ಶಕ್ತಿ, ಬಿಡದೆ ನಡೆಸುವ ಶಕ್ತಿ, ನಾಳೆಗೆ ಒಳಿತಾಗುವುದೆಂಬ ನಂಬಿಕೆ ಇವನ್ನೇ ಈ ರೋಗವು ಕಸಿದುಕೊಂಡಿರುವುದು. ಕಾಲು ಮುರಿದವನಿಗೆ ಓಡು ಎಂದಂತೆ, ಖಿನ್ನನಾದವನಿಗೆ ಉತ್ಸಾಹ ತಂದುಕೋ ಎನ್ನುವುದು. ಗರಡಿಮನೆಗೆ ಹೊಸದಾಗಿ ಬಂದ ಹುಡುಗನಿಗೆ ಉಸ್ತಾದನು ಮೊದಲ ದಿನವೇ ನೂರು ಬಸ್ಕಿ ಹೊಡೆಸುವುದಿಲ್ಲ. ಹತ್ತು ಹೊಡೆಸಿ, ಮರುದಿನ ಬಾ ಎನ್ನುವನು. ಆ ಮರುದಿನದ ಬರವೇ ಆತನಿಗೆ ಮುಖ್ಯ. ಅಂತಹ ಉಸ್ತಾದನ ಬುದ್ಧಿಯು ಇಲ್ಲಿ ಬೇಕು. ತಿಳಿವಳಿಕೆಯುಳ್ಳ ವ್ಯಾಯಾಮ ಶಿಕ್ಷಕರಾಗಲಿ ಯೋಗಶಿಕ್ಷಕರಾಗಲಿ ದೊರೆತರೆ ಉತ್ತಮ; ದೊರೆಯದಿದ್ದರೆ ವೈದ್ಯರ ಸಲಹೆಯನ್ನು ಪಡೆದು ಮನೆಯವರಲ್ಲಿ ಒಬ್ಬರು ಆ ಸ್ಥಾನದಲ್ಲಿ ನಿಲ್ಲಬಹುದು.

ಹೀಗೆ ನಿಂತವರು ಪಾಲಿಸತಕ್ಕ ನಿಯಮಗಳು ಐದು. ಮೊದಲನೆಯದು, ಹೊರಡು ಎನ್ನದೆ ಹೊರಡೋಣ ಎನ್ನಬೇಕು, ಜೊತೆಗೆ ನಡೆಯಬೇಕು. ಎರಡನೆಯದು, ಹೊತ್ತು ಮತ್ತು ಸ್ಥಳಗಳನ್ನು ಮೊದಲೇ ಗೊತ್ತುಮಾಡಬೇಕು. ಬೆಳಗಿನ ಬೆಳಕಿನ ಹೊತ್ತು ಒಳ್ಳೆಯದು. ಮೂರನೆಯದು, ಗುರಿಯು ರೋಗಿಯು ಕೆಟ್ಟ ದಿನದಲ್ಲಿಯೂ ಮುಟ್ಟಬಹುದಾದಷ್ಟು ಚಿಕ್ಕದಾಗಿರಬೇಕು. ನಾಲ್ಕನೆಯದು, ದಾರಿಯಲ್ಲಿ ಉಪದೇಶವು ಬೇಡ. ಆತನು ಮಾತನಾಡಿದರೆ ಕೇಳಬೇಕು, ಮೌನವಾಗಿದ್ದರೆ ಮೌನವಾಗಿರಬೇಕು. ಐದನೆಯದು, ಒಂದು ದಿನ ತಪ್ಪಿದರೆ ಆಕ್ಷೇಪಿಸದೆ ಮರುದಿನ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು.

ಅಭ್ಯಾಸದ ಕ್ರಮ

ಅಭ್ಯಾಸಕ್ಕೆ ಮುಂಚೆ ವೈದ್ಯರನ್ನು ಕಾಣುವುದು ಅವಶ್ಯ. ಥೈರಾಯ್ಡ್ ಗ್ರಂಥಿಯ ದೋಷ ಮತ್ತು ರಕ್ತಹೀನತೆಗಳೂ ಖಿನ್ನತೆಯಂತೆಯೇ ಬಳಲಿಕೆಯನ್ನು ತರುವುದರಿಂದ ಅವುಗಳ ಪರೀಕ್ಷೆಯಾಗಬೇಕು. ಹೃದ್ರೋಗ, ರಕ್ತದೊತ್ತಡ, ಸಕ್ಕರೆಕಾಯಿಲೆ, ಕೀಲುನೋವು ಇರುವವರು ಎಷ್ಟು ಶ್ರಮಿಸಬಹುದೆಂಬುದನ್ನು ಕೇಳಿ ತಿಳಿಯಬೇಕು.

ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷದ ನಡಿಗೆ ಸಾಕು. ಹತ್ತು ಆಗದಿದ್ದರೆ ಐದು. ಐದೂ ಆಗದಿದ್ದರೆ ಅಂಗಳಕ್ಕೆ ಹೋಗಿ ಬರುವುದು. ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಐದನೆಯ ವಾರದಿಂದ ಮೆಲ್ಲಮೆಲ್ಲನೆ ಅರ್ಧ ಗಂಟೆಗೆ ಏರಿಸಿ ವಾರದಲ್ಲಿ ಐದು ದಿನ ನಡೆದರೆ ೧೫೦ ನಿಮಿಷಗಳಾಗುವುವು. ಪ್ರಾಯದವರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮವು ಬೇಕೆಂದೂ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಸಾಧನೆಯು ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿದೆ. ಆದರೆ ಅಷ್ಟನ್ನು ಮುಟ್ಟದಿದ್ದರೆ ಪ್ರಯೋಜನವಿಲ್ಲವೆಂದಲ್ಲ. ಏನೂ ಇಲ್ಲದುದಕ್ಕಿಂತ ಸ್ವಲ್ಪವಾದರೂ ಮೇಲೆಂಬುದನ್ನೂ ಆ ಸಂಸ್ಥೆಯೇ ಹೇಳಿದೆ. ಬಲಸಾಧನೆಗೆ ಉಪಕರಣಗಳೇನೂ ಬೇಡ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂಡುವುದು, ಗೋಡೆಗೆ ಅಂಗೈಯೂರಿ ದಂಡೆಯಂತೆ ಬಾಗುವುದು, ನೀರು ತುಂಬಿದ ಚಿಕ್ಕ ಕೊಡವನ್ನು ಎತ್ತಿ ಇಳಿಸುವುದು ಇವು ಆರಂಭಕ್ಕೆ ಸಾಕು.

ಎಷ್ಟು ಬಿರುಸಾಗಿ ನಡೆಯಬೇಕೆಂಬುದಕ್ಕೆ ಸುಲಭವಾದ ಅಳತೆಯುಂಟು: ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಸುಶ್ರುತಸಂಹಿತೆಯು ವ್ಯಾಯಾಮವನ್ನು ಅರ್ಧಬಲದ ವರೆಗೆ ಮಾತ್ರ ಮಾಡಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬರುವುದೇ ಅರ್ಧಬಲದ ಗುರುತೆಂದು ಹೇಳಿದೆ. ಹಳೆಯ ಮಾತು ಹೊಸ ಅಳತೆಗೆ ಬಹುಮಟ್ಟಿಗೆ ಒಪ್ಪುವುದು. ಒಂದು ಪುಸ್ತಕದಲ್ಲಿ ದಿನದ ತಾರೀಖು, ನಡೆದ ನಿಮಿಷ, ನಡೆಯುವ ಮುಂಚೆ ಮತ್ತು ಆಮೇಲೆ ಮನಸ್ಸು ಹತ್ತರಲ್ಲಿ ಎಷ್ಟಿತ್ತೆಂಬುದನ್ನು ಬರೆದಿಡುವುದು ಒಳ್ಳೆಯದು. ಖಿನ್ನನಾದವನ ನೆನಪು ತನಗೆ ವಿರುದ್ಧವಾಗಿಯೇ ಸಾಕ್ಷಿ ಹೇಳುವುದು. ಬರೆದಿಟ್ಟ ಅಂಕೆಯು ಹಾಗೆ ಹೇಳದು.

ಆತಂಕರೋಗದ ವಿಶೇಷ

ಆತಂಕರೋಗಿಗೆ ಅಂಗಸಾಧನೆಯಲ್ಲಿ ಒಂದು ವಿಶೇಷ ತೊಡಕೂ ಒಂದು ವಿಶೇಷ ಲಾಭವೂ ಉಂಟು. ಬಿರುಸಾಗಿ ಮೆಟ್ಟಿಲು ಹತ್ತಿದರೆ ಎದೆ ಬಡಿಯುವುದು, ಬೆವರುವುದು, ಉಸಿರು ವೇಗವಾಗುವುದು. ಭಯವು ಬಂದಾಗಲೂ ಇವೇ ಲಕ್ಷಣಗಳು. ಆದುದರಿಂದ ಆತನು 'ನನ್ನ ಪ್ರಾಣ ಹೋಗುವುದು' ಎಂದು ಹೆದರಿ ಶ್ರಮವನ್ನೇ ಬಿಟ್ಟುಬಿಡುವನು. ಹೃದಯದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಜೊತೆಗಾರನ ಎದುರಿನಲ್ಲಿ ಹತ್ತು ಮೆಟ್ಟಿಲು ಹತ್ತಿ ಕುಳಿತು, ಬಡಿತವು ತಾನಾಗಿಯೇ ಇಳಿಯುವುದನ್ನು ನೋಡಬೇಕು. ಇನ್ನೊಂದು ದಿನ ಇಪ್ಪತ್ತು. ಎದೆಬಡಿತವೆಂದರೆ ಅಪಾಯವಲ್ಲವೆಂಬ ಪಾಠವನ್ನು ಬಾಯಿಮಾತಿನಿಂದ ಕಲಿಸಲಾಗದು; ದೇಹವೇ ದೇಹಕ್ಕೆ ಕಲಿಸಬೇಕು. ಹಠಾತ್ ಭಯರೋಗವುಳ್ಳ ೪೬ ಜನರ ಮೇಲೆ ಜರ್ಮನಿಯಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಹತ್ತು ವಾರಗಳ ಪ್ರಯೋಗದಲ್ಲಿ ಓಟವು ತೋರಿಕೆಯ ಗುಳಿಗೆಗಿಂತ ಹೆಚ್ಚಿನ ಫಲವನ್ನು ಕೊಟ್ಟಿತು. ಆದರೆ ಕ್ಲೊಮಿಪ್ರಮೀನ್ ಎಂಬ ಔಷಧವು ಅದಕ್ಕಿಂತ ಬೇಗನೆಯೂ ಹೆಚ್ಚಾಗಿಯೂ ಗುಣವನ್ನು ತೋರಿತು. ಇಲ್ಲಿಯೂ ಎರಡನ್ನೂ ವೈದ್ಯರ ಮಾತಿನಂತೆ ಹೊಂದಿಸಿಕೊಳ್ಳುವುದೇ ವಿವೇಕ.

ಎಚ್ಚರಿಕೆಗಳು

ಸ್ವಲ್ಪ ಚೇತರಿಕೆಯು ಕಂಡೊಡನೆ ಔಷಧವನ್ನು ತಾನಾಗಿ ನಿಲ್ಲಿಸಬಾರದು. ಲಿಥಿಯಂ ಸೇವಿಸುವವರು ಬೆವರು ಸುರಿದು ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧದ ಪ್ರಮಾಣವು ಏರಿ ವಿಷವಾಗಬಹುದು. ಬಿಸಿಲಿನಲ್ಲಿ ಶ್ರಮಿಸದೆ ಸಾಕಷ್ಟು ನೀರನ್ನು ಕುಡಿಯಬೇಕು. ಕೆಲವು ಔಷಧಗಳಿಂದ ಎದ್ದು ನಿಂತೊಡನೆ ತಲೆ ತಿರುಗುವುದುಂಟು. ಅಂಥವರು ನಿಧಾನವಾಗಿ ಏಳಬೇಕು. ಆತಂಕಕ್ಕಾಗಿ ಪ್ರೊಪ್ರನೊಲಾಲ್ ಸೇವಿಸುವವರು ನಾಡಿಯನ್ನೆಣಿಸಿ ಶ್ರಮವನ್ನು ಅಳೆಯಬಾರದು. ಆ ಔಷಧವು ನಾಡಿಯನ್ನೇ ತಗ್ಗಿಸಿರುವುದು. ನಡೆಯುವಾಗ ಎದೆ ಹಿಂಡಿದಂತಹ ನೋವು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದುದೊಂದು. ಬದುಕು ಬೇಡವೆಂಬ ಮಾತು ಬಂದರೆ ಅದು ವ್ಯಾಯಾಮದ ಸಮಯವಲ್ಲ. ಅದನ್ನು ಬೆದರಿಕೆಯೆಂದು ಕಡೆಗಣಿಸದೆ ನೇರವಾಗಿ, ಮೃದುವಾಗಿ ವಿಚಾರಿಸಬೇಕು. ಕೇಳುವುದರಿಂದ ಆ ಯೋಚನೆಯು ಹುಟ್ಟುವುದಿಲ್ಲ. ರೋಗಿಯನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಮನೆಯಿಂದ ದೂರ ಸಾಗಿಸಬೇಕು. ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಸಮೀಪದ ಆರೋಗ್ಯಕೇಂದ್ರಗಳಲ್ಲಿಯೇ ಮನೋರೋಗದ ಚಿಕಿತ್ಸೆಯು ಸಾಧ್ಯವೆಂಬುದನ್ನು ತೋರಿಸಿಕೊಟ್ಟರು. ಅದರ ಆಧಾರದ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಮೊದಲಾಯಿತು. ದೂರದ ನಗರಕ್ಕೆ ಹೋಗಲಾರದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಒಂದು ಆಕ್ಷೇಪ ಮತ್ತು ಸಮಾಧಾನ

'ದಿನವೆಲ್ಲ ಕಾಯಕದಲ್ಲಿರುವವರಿಗೆ ಬೇರೆ ಅಂಗಸಾಧನೆಯೇಕೆ' ಎಂದು ಕೆಲವರು ಕೇಳಬಹುದು. ಹೊಲದಲ್ಲಿ ದುಡಿಯುವ ದೇಹಕ್ಕೆ ಶ್ರಮವು ಸಿಕ್ಕೇ ಸಿಗುವುದು. ಅದು ಲೆಕ್ಕಕ್ಕೆ ಬಾರದೆಂದಲ್ಲ. ಆದರೆ ಅಂಗಡಿಯ ಗಾದಿಯ ಮೇಲೆ ಹತ್ತು ತಾಸು ಕುಳಿತವನಿಗೂ, ಕಚೇರಿಯ ಮೇಜಿನ ಮುಂದೆ ಬಾಗಿದವನಿಗೂ ಕಾಯಕದಿಂದ ಕಾಯಕ್ಕೆ ಚಲನೆಯು ದೊರೆಯುವುದಿಲ್ಲ. ಇನ್ನು ಹೆಣ್ಣುಮಕ್ಕಳ ಮಾತು. ಬೆಳಗಿನಿಂದ ರಾತ್ರಿಯ ವರೆಗೆ ಮನೆಗೆಲಸದಲ್ಲಿ ಬಳಲಿದ ಗೃಹಿಣಿಗೆ ಆಯಾಸವುಂಟು, ಆದರೆ ತನ್ನದೆಂಬ ಅರ್ಧ ಗಂಟೆಯಿಲ್ಲ. ಒತ್ತಾಯದ ದುಡಿಮೆಯ ದಣಿವೂ, ಸ್ವಸಂತೋಷದ ನಡಿಗೆಯ ದಣಿವೂ ಮನಸ್ಸಿಗೆ ಒಂದೇ ಅಲ್ಲ. ಆಕೆಯು ಖಿನ್ನಳಾದರೆ ಒಲೆಯ ಮುಂದಿನ ಕೆಲಸವನ್ನು ಅರ್ಧ ಗಂಟೆ ಇನ್ನೊಬ್ಬರು ವಹಿಸಿಕೊಂಡು ಆಕೆಯನ್ನು ಹೊರಗೆ ಕಳುಹಿಸುವುದು ಮನೆಯ ಗಂಡಸರ ಕರ್ತವ್ಯ. ದಾಸೋಹವು ಮಠದ ಪಂಕ್ತಿಯಲ್ಲಿ ಮಾತ್ರ ನಡೆಯತಕ್ಕದ್ದಲ್ಲ.

ಮೊದಲು ಹೇಳಿದ ಗೃಹಸ್ಥನ ಮನೆಗೆ ಮರಳಿ ಬರಬಹುದು. ವೈದ್ಯರು ಔಷಧವನ್ನು ಕೊಟ್ಟಿರುವರು. ಬೆಳಿಗ್ಗೆ ಆರೂವರೆಗೆ ಸೊಸೆಯು ಬಾಗಿಲಲ್ಲಿ ನಿಂತು, 'ಮಾವನವರೇ, ಕೆರೆಯ ಏರಿಯ ತನಕ ಹೋಗಿ ಬರೋಣ' ಎನ್ನುವಳು. ಆತನು 'ಇವತ್ತು ಆಗದವ್ವಾ' ಎಂದರೆ, 'ಹಾಗಾದರೆ ಬೇವಿನ ಮರದ ತನಕ' ಎನ್ನುವಳು. ಬೇವಿನ ಮರದ ತನಕ ಹೋಗಿ ಬರುವರು. ಪುಸ್ತಕದಲ್ಲಿ ಐದು ನಿಮಿಷ ಎಂದು ಬರೆಯುವರು. ನಾಲ್ಕನೆಯ ವಾರಕ್ಕೆ ಏರಿಯನ್ನು ಮುಟ್ಟುವರು. ಆರನೆಯ ವಾರದಲ್ಲಿ ಮೂರು ದಿನ ಆತನು ಹಾಸಿಗೆಯನ್ನೇ ಬಿಡಲಾರನು. ಯಾರೂ ಏನನ್ನೂ ಅನ್ನುವುದಿಲ್ಲ. ನಾಲ್ಕನೆಯ ದಿನ ಮತ್ತೆ ಬೇವಿನ ಮರದಿಂದ ಆರಂಭ. ಹತ್ತನೆಯ ವಾರದಲ್ಲಿ ಒಂದು ರಾತ್ರಿ ಐದು ತಾಸು ನಿದ್ರೆ ಬರುವುದು. ಪೂಜೆಗೆ ಕುಳಿತಾಗ ಮನಸ್ಸು ಪೂರ್ತಿಯಾಗಿ ನಿಲ್ಲದಿದ್ದರೂ ಕಣ್ಣೀರು ಬಾರದು. ಅಂಗಡಿಗೆ ಹೋಗಿ ಒಂದು ತಾಸು ಕುಳಿತು ಬರುವನು. ಎಲ್ಲರಲ್ಲಿಯೂ ಹೀಗೆಯೇ ಆಗುವುದೆಂದು ಹೇಳಲಾಗದು. ಕೆಲವರಿಗೆ ಔಷಧವನ್ನು ಬದಲಿಸಬೇಕಾಗುವುದು. ಕೆಲವರಿಗೆ ಇನ್ನೂ ಹೆಚ್ಚಿನ ಕಾಲವು ಬೇಕಾಗುವುದು. ಆದರೆ ದಾರಿಯು ಇದೇ.

ಮನೆಯಲ್ಲಿ ಇಂಥವರಿದ್ದರೆ ಸದ್ಭಕ್ತರು ಅವರ ಭಕ್ತಿಯನ್ನು ಅಳೆಯಲು ಹೋಗದೆ, ವೈದ್ಯರನ್ನು ಕಾಣಿಸಿ, ನಾಳೆ ಬೆಳಿಗ್ಗೆ ಅವರೊಡನೆ ಹತ್ತು ಹೆಜ್ಜೆ ನಡೆಯಲಿ. ನಾಡಿದ್ದು ಮತ್ತೆ ಅದೇ ಹೊತ್ತಿಗೆ ಅವರ ಬಾಗಿಲಲ್ಲಿ ನಿಲ್ಲಲಿ.